ಅರಬೈಲ್ ಮೂರನೆಯ ತಿರುವಿನ ವಿರಾಮ

ಕಳೆದ ತಿಂಗಳು ಶಿರಸಿಯಲ್ಲಿ ಬಿಡುಗಡೆಯಾದ ಸ್ಮರಣ ಸಂಚಿಕೆಯೊಂದರ ನಲವತ್ತೆರಡನೆಯ ಪುಟದಲ್ಲಿ ನಮ್ಮ ಕಡೆಯ ಮದುವೆ ಹಾಡುಗಳನ್ನು ಕುರಿತ ಲೇಖನವಿದೆ. ಬೀಗರನ್ನು ಹಂಗಿಸುವ ಒಂದು ಹಾಡಿನ ಮೂರನೆಯ ನುಡಿಯಲ್ಲಿ ಹೆಂಗಸರು ತಟ್ಟನೆ ನಿಂತು, ನಾಲ್ಕೆಣಿಸುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮುಂದುವರಿಯುತ್ತಾರಂತೆ. ಈ ‘ಅಪೂರ್ವ ಲಯವಿರಾಮ’ದ ಮೂಲ ‘ಕಾಲಗರ್ಭದಲ್ಲಿ ಅಡಗಿದೆ’ ಎಂದು ಲೇಖಕರು ಬರೆದಿದ್ದಾರೆ. ಅದು ಯಾವ ಕಾಲಗರ್ಭದಲ್ಲಿಯೂ ಅಡಗಿಲ್ಲ. ಅದು ಹುಟ್ಟಿದ್ದು ೨೦೦೫ರ ಡಿಸೆಂಬರ್ ತಿಂಗಳಿನಲ್ಲಿ, ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದ ಮೂರನೆಯ ತಿರುವಿನಲ್ಲಿ, ಒಂದು ಡೀಸೆಲ್ ಅಂಬಾಸಿಡರ್ ಕಾರಿನೊಳಗೆ. ಆ ಕಾರಿನ ಚಾಲಕನ ಹೆಸರು ಲೇಖನದಲ್ಲಿ ಒಮ್ಮೆಯೂ ಬಂದಿಲ್ಲ. ಶಿರಸಿಯ ಟ್ಯಾಕ್ಸಿ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಲೇಖಕರು ನಡೆಯಲಿಲ್ಲವಾದ್ದರಿಂದ ಈ ವಯಸ್ಸಿನಲ್ಲಿ ನಾನು ಬರೆಯಬೇಕಾಗಿದೆ.

ಆತನ ಹೆಸರು ಬೈರಾ ಕನ್ನಾ ನಾಯ್ಕ. ಹುಟ್ಟಿದ್ದು ೧೯೫೬ರಲ್ಲಿ, ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಇಡಗುಂದಿಯ ಕಡೆಯಿಂದ ಮರದ ನಾಟಾ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದ. ೧೯೭೮ರಲ್ಲಿ ಚಾಲಕನಾದ. ೧೯೯೧ರಲ್ಲಿ ಹಳೆಯದೊಂದು ಅಂಬಾಸಿಡರ್ ಕೊಂಡು ಶಿರಸಿಯಲ್ಲಿ ಬಾಡಿಗೆಗೆ ನಿಲ್ಲಿಸಿದ. ಅಂದಿನಿಂದ ೨೦೧೪ರಲ್ಲಿ ಗಾಡಿ ಬಿಡುವುದನ್ನು ನಿಲ್ಲಿಸುವವರೆಗೆ ಆತನ ಕಾರು ಒಂದು ಹಸುವಿಗೂ ತಾಗಿದ್ದಿಲ್ಲ. ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದ ನನಗೆ ಜನ ಹೇಳಿದ ಅಳತೆಯನ್ನು ಹಾಗೆಯೇ ಬರೆದುಕೊಳ್ಳುವ ಅಭ್ಯಾಸವಿಲ್ಲ. ಹಸುವಿನ ಸಂಗತಿಯನ್ನೂ ಮೂರು ಕಡೆ ವಿಚಾರಿಸಿಯೇ ಬರೆಯುತ್ತಿದ್ದೇನೆ.

ಬೈರನ ಗುಣವೊಂದನ್ನು ಮೊದಲೇ ಹೇಳಬೇಕು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಗೊತ್ತಿದ್ದವರ ಎದುರು ನಿಂತು ಕೇಳುತ್ತಿದ್ದ. ಓದಿದವರಲ್ಲಿ ಈ ಗುಣವನ್ನು ನಾನು ಅಷ್ಟಾಗಿ ಕಂಡಿಲ್ಲ.

ಭೈರುಂಬೆಯ ಹತ್ತಿರದ ಗಂಗಕ್ಕ ಆತನ ಕಾರನ್ನು ಮೊದಲು ಹತ್ತಿದ್ದು ೧೯೯೩ರಲ್ಲಿ. ಆಕೆಯ ಮಗಳು ಶ್ರೀವಾಣಿಯನ್ನು ಆ ವರ್ಷ ಅರಬೈಲ್ ಘಟ್ಟದ ಕೆಳಗಿನ ಊರಿಗೆ ಕೊಟ್ಟಿದ್ದರು. ತಿಂಗಳಿಗೊಮ್ಮೆಯಾದರೂ ಮಗಳ ಮುಖ ನೋಡಬೇಕು. ನೋಡಬೇಕೆಂದರೆ ಘಟ್ಟ ಇಳಿಯಬೇಕು. ಘಟ್ಟ ಇಳಿದರೆ ಗಂಗಕ್ಕನಿಗೆ ವಾಂತಿ. ಮೊದಲ ಪ್ರಯಾಣದಲ್ಲಿ ಇಡಗುಂದಿ ದಾಟುವಾಗಲೇ ಆಕೆಯ ಮುಖ ಬಿಳಚಿಕೊಂಡಿತು. ಬೈರ ಕಾರು ನಿಲ್ಲಿಸಿ ಒಂದು ನಿಂಬೆಹಣ್ಣು ಕೊಟ್ಟನಂತೆ.

“ಮೂಸ್ತಾ ಕೂತ್ಕಳಿ ಅಮ್ಮಾ, ತಡೀತದೆ.”

“ಬ್ಯಾಡ ಮಾರಾಯಾ. ಮೂಸಿ ಮೂಸಿ ಈಗ ಉಪ್ಪಿನಕಾಯಿ ಭರಣಿ ಕಂಡ್ರೂ ಎಂಗೆ ಹೊಟ್ಟೆ ತೊಳಸ್ತು,” ಎಂದ ಗಂಗಕ್ಕ, ಬೇರೆ ದಾರಿ ಕಾಣದೆ, ಕಣ್ಣು ಮುಚ್ಚಿ ಒಂದು ಹಾಡು ಹೇಳತೊಡಗಿದರು.

ಹಾಡು ಮುಗಿಯುವಷ್ಟರಲ್ಲಿ ಘಟ್ಟದ ಬುಡ ಬಂದಿತ್ತು. ವಾಂತಿ ಬಂದಿರಲಿಲ್ಲ. ಅಂದಿನಿಂದ ಮುಂದಿನ ಸೀಟು ಗಂಗಕ್ಕನದು. ಯಲ್ಲಾಪುರ ದಾಟಿದ ಮೇಲೆ ಹಾಡುವುದು ನಿಯಮ.

ಅವು ಸಾಮಾನ್ಯ ಹಾಡುಗಳಲ್ಲ. ನಮ್ಮ ಮನೆಗಳ ಮದುವೆಯಲ್ಲಿ ಪ್ರತಿಯೊಂದು ಹೆಜ್ಜೆಗೂ ಹೆಂಗಸರು ಹೇಳುವ ಬೇರೆ ಬೇರೆ ಹಾಡುಗಳಿರುತ್ತವೆ: ಗಂಡಿನ ದಿಬ್ಬಣ ಹೊರಡುವಾಗ ಒಂದು, ಚಪ್ಪರದ ಬಾಗಿಲಿನಲ್ಲಿ ಒಂದು, ಹೆಣ್ಣನ್ನು ಒಪ್ಪಿಸಿ ಕಳುಹಿಸುವಾಗ ಒಂದು. ಎರಡೂ ಕಡೆಯ ಹೆಂಗಸರು ಎದುರುಬದುರು ನಿಂತು ಹಾಡಿನಲ್ಲೇ ಹಂಗಿಸಿಕೊಳ್ಳುವುದೂ ಉಂಟು. ಅಲ್ಲಿ ಉತ್ತರ ಕೊಡಲಾಗದ ಪಕ್ಷಕ್ಕೆ ವರ್ಷವಿಡೀ ನಗೆಪಾಟಲು. ಗಂಗಕ್ಕ ಇವನ್ನು ತಮ್ಮ ಅತ್ತೆಯಿಂದ ಕಲಿತಿದ್ದರು. ಎಲ್ಲಿಯೂ ಬರೆದಿಟ್ಟಿರಲಿಲ್ಲ. ನಲವತ್ತು ವರ್ಷ ಅವರಿಲ್ಲದೆ ಆ ಸೀಮೆಯ ಒಂದು ದಿಬ್ಬಣವೂ ಹೊರಟದ್ದಿಲ್ಲ.

೨೦೦೫ರಲ್ಲಿ ಬೈರ ಹುಬ್ಬಳ್ಳಿಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಎಂಪಿತ್ರೀ ಪ್ಲೇಯರ್ ತಂದ. ಅದರಲ್ಲಿ ಧ್ವನಿ ಮುದ್ರಿಸುವ ಗುಂಡಿಯೂ ಇತ್ತು. ಗಂಗಕ್ಕನನ್ನು ಮಗಳ ಮನೆಗೆ ಬಿಟ್ಟು ಖಾಲಿ ಕಾರಿನಲ್ಲಿ ಘಟ್ಟ ಹತ್ತುವಾಗ ಬೇಸರವಾಗುತ್ತದೆ, ಆ ಹಾಡುಗಳನ್ನೇ ಕೇಳುತ್ತ ಬರಬಹುದು ಎಂಬುದಷ್ಟೇ ಆತನ ಯೋಚನೆ. ಗಂಗಕ್ಕನಿಗೆ ತಿಳಿಯದಂತೆ ಮುದ್ರಿಸಿಕೊಂಡನೆಂದು ಕೆಲವರು ಆಡಿಕೊಂಡದ್ದುಂಟು. ಇದು ಶುದ್ಧ ಸುಳ್ಳು. ಎರಡೂ ಕೈ ಸ್ಟೇರಿಂಗಿನ ಮೇಲಿದ್ದ ಚಾಲಕ ಇನ್ನೊಂದನ್ನು ಹಿಡಿಯುವುದು ಹೇಗೆ? ಪ್ಲೇಯರನ್ನು ಹಿಡಿದುಕೊಳ್ಳುತ್ತಿದ್ದವರು ಸ್ವತಃ ಗಂಗಕ್ಕ. ಮುದ್ರಣವಾದದ್ದನ್ನು ಕೇಳಿರೆಂದು ಬೈರ ಇಯರ್‌ಫೋನ್ ಕೊಟ್ಟರೆ ಮಾತ್ರ, ಕಿವಿಯಲ್ಲಿ ಹುಳ ಹೊಕ್ಕ ಹಾಗಾಗುತ್ತದೆಂದು ಕಿತ್ತು ಕೊಡುತ್ತಿದ್ದರು.

ಹೀಗೆ ಒಂದು ವರ್ಷದೊಳಗೆ ಮೂವತ್ತೊಂದು ಹಾಡುಗಳಾದವು. ಆ ಯಂತ್ರ ಪ್ರತಿ ಹಾಡಿಗೂ ಒಂದು ಅಂಕಿಯನ್ನು ಮಾತ್ರ ಕೊಡುತ್ತಿತ್ತು. ಅಂಕಿಯಿಂದ ಹಾಡನ್ನು ಗುರುತಿಸಲು ಬೈರ ಒಂದು ಹಳೆಯ ಡೈರಿಯಲ್ಲಿ ಪಟ್ಟಿ ಮಾಡಿದ. ಹಾಡಿನ ಹೆಸರಾಗಲಿ ಸಂದರ್ಭವಾಗಲಿ ಆತನಿಗೆ ತಿಳಿಯದು. ತಿಳಿದಿದ್ದು ರಸ್ತೆ. ಆದ್ದರಿಂದ ಗಂಗಕ್ಕ ಯಾವ ಹಾಡನ್ನು ಎಲ್ಲಿ ಶುರು ಮಾಡಿದರೋ ಆ ಜಾಗದ ಹೆಸರನ್ನೇ ಬರೆದ. ‘೪ – ಇಡಗುಂದಿ ಶಾಲೆ.’ ‘೯ – ಅರಬೈಲ್, ಮೂರನೇ ತಿರುವು, ಹತ್ತುವಾಗ.’ ‘೧೨ – ಬಸ್ಸು ಕೆಟ್ಟು ನಿಂತಿದ್ದಲ್ಲಿ.’ ಆ ಡೈರಿಯನ್ನು ನಾನು ನೋಡಿದ್ದೇನೆ. ಇಷ್ಟು ಪ್ರಾಮಾಣಿಕವಾದ ಅಳತೆಯ ಕ್ಷೇತ್ರಪುಸ್ತಕವನ್ನು ನನ್ನ ಇಲಾಖೆಯಲ್ಲಿ ವಿರಳವಾಗಿ ಕಂಡಿದ್ದೇನೆ.

ಇನ್ನು ರೇಡಿಯೋದ ವಿಚಾರ. ಆತನ ಕಾರಿನ ಟೇಪಿನಲ್ಲಿ ಕ್ಯಾಸೆಟ್ ಹಾಕುವ ಭಾಗ ಕೆಂಪು ಧೂಳು ತುಂಬಿ ಎಂದೋ ಸತ್ತಿತ್ತು. ರೇಡಿಯೋ ಮಾತ್ರ ಜೀವಂತವಿತ್ತು. ಆದರೆ ಘಟ್ಟದ ಕೆಲವೇ ತಿರುವುಗಳನ್ನು ಬಿಟ್ಟರೆ ಅದಕ್ಕೆ ಯಾವ ಕೇಂದ್ರವೂ ಸಿಗುತ್ತಿರಲಿಲ್ಲ. ೨೦೦೬ರ ಫೆಬ್ರವರಿಯಲ್ಲಿ ಯಲ್ಲಾಪುರದ ಒಂದು ಹೋಟೆಲಿನ ಮುಂದೆ ಗೋವಾದ ಕಾರೊಂದು ನಿಂತಿತ್ತು. ಒಳಗೆ ಕ್ಯಾಸೆಟ್ ಇಲ್ಲ, ಆದರೂ ರೇಡಿಯೋದಲ್ಲಿ ಒಂದರ ಹಿಂದೊಂದು ಹಾಡು, ನಡುವೆ ಒಂದು ಜಾಹೀರಾತೂ ಇಲ್ಲ. ಬೈರ ಚಹಾ ಬಿಟ್ಟು ಎದ್ದು ಹೋಗಿ ಅದರ ಚಾಲಕನನ್ನು ಕೇಳಿದ. ಆತ ತೋರಿಸಿದ್ದು ಬೆರಳುದ್ದದ ಒಂದು ಟ್ರಾನ್ಸ್‌ಮಿಟರ್. ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಸಿಕ್ಕಿಸಿ, ಅದರ ವಯರನ್ನು ಪ್ಲೇಯರಿಗೆ ಚುಚ್ಚಬೇಕು. ಅದು ಹಾಡನ್ನು ಎಫ್ಎಂ ಅಲೆಯಾಗಿ ಬಿಡುತ್ತದೆ; ಅದೇ ಅಂಕಿಗೆ ರೇಡಿಯೋ ತಿರುಗಿಸಿದರೆ ಹಾಡು ಅದರಲ್ಲಿ ಬರುತ್ತದೆ. ಬೈರ ಮರುವಾರವೇ ಒಂದನ್ನು ತರಿಸಿ, ತನ್ನ ಅಂಬಾಸಿಡರಿನಲ್ಲಿ ಇಲ್ಲದಿದ್ದ ಸಾಕೆಟ್ಟನ್ನೂ ಕೂರಿಸಿದ. ಯಾವ ಕೇಂದ್ರವೂ ಬರದ ಜಾಗ ಹುಡುಕಿ, ಎಂಬತ್ತೆಂಟು ಪಾಯಿಂಟ್ ಮೂರಕ್ಕೆ ನಿಲ್ಲಿಸಿದ.

ಬೈರ ಖಾಸಗಿ ಆಕಾಶವಾಣಿ ನಡೆಸುತ್ತಿದ್ದನೆಂದೂ ಅದು ಯಲ್ಲಾಪುರಕ್ಕೆಲ್ಲ ಕೇಳಿಸುತ್ತಿತ್ತೆಂದೂ ಹೇಳುವ ಜಾಣರಿಗಾಗಿ ಇದನ್ನು ದಾಖಲಿಸುತ್ತೇನೆ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಆ ಸಾಧನದ ಅಲೆ ಸ್ಪಷ್ಟವಾಗಿ ತಲುಪುತ್ತಿದ್ದುದು ಒಂಬತ್ತು ಮೀಟರ್. ಹದಿಮೂರರ ಹೊತ್ತಿಗೆ ಬರೀ ಸುಂಯ್ ಸದ್ದು. ಒಬ್ಬನ ಕೆಲಸವನ್ನು ಹೊಗಳುವ ಭರದಲ್ಲಿ ಹಿಗ್ಗಿಸುವುದು ಆತನಿಗೆ ಮಾಡುವ ಅವಮಾನ. ಒಂಬತ್ತು ಮೀಟರಿನಲ್ಲಿ ಬೈರ ಮಾಡಿದ್ದು ಸಾಕಷ್ಟು ದೊಡ್ಡದು.

೨೦೦೬ರ ನವೆಂಬರಿನಲ್ಲಿ ಗಂಗಕ್ಕನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಸ್ವರ ಹೋಯಿತು. ಆ ಮೇಲೆ ಅವರು ಮಾತನಾಡುತ್ತಿದ್ದುದು ಮಕ್ಕಳ ಪಾಟಿಯ ಮೇಲೆ ಬಳಪದಿಂದ ಬರೆದು. ಆರು ತಿಂಗಳಿಗೆ ಮಗನ ಮಗ ಸುಹಾಸನ ಮದುವೆ ನಿಶ್ಚಯವಾಯಿತು. ಹುಡುಗಿ ಅಭಿಜ್ಞಾ, ಘಟ್ಟದ ಕೆಳಗಿನವಳು. ಸುಹಾಸನ ಸೋದರತ್ತೆ ಶ್ರೀವಾಣಿಯೇ ನೋಡಿ ಹೇಳಿದ ಸಂಬಂಧ. ದಿಬ್ಬಣಕ್ಕೆ ಕಾರು ಎಷ್ಟು ಹೊತ್ತಿಗೆ ತರಬೇಕೆಂದು ಕೇಳಲು ಬೈರ ಎಂಟು ದಿನ ಮೊದಲು ಮನೆಗೆ ಹೋದಾಗ ಜಗಲಿಯಲ್ಲಿ ಎಲ್ಲರೂ ಸಪ್ಪಗೆ ಕುಳಿತಿದ್ದರು. ಅಜ್ಜಿ ದಿಬ್ಬಣಕ್ಕೆ ಬರುವುದಿಲ್ಲವಂತೆ. ಪಾಟಿಯ ಮೇಲೆ ಬರೆದದ್ದನ್ನು ಒರೆಸಲೂ ಬಿಟ್ಟಿರಲಿಲ್ಲ: ‘ಹಾಡಿಲ್ಲದ ದಿಬ್ಬಣದಲ್ಲಿ ಆನು ಎಂತ? ಸಾಮಾನಿನ ಗಂಟಾ?’ ಆನು ಎಂದರೆ ನಮ್ಮ ಮಾತಿನಲ್ಲಿ ನಾನು.

ಗಂಗಕ್ಕನ ಮೈದುನ, ದೇವರು ಹೆಗಡೆ ಎಂಬ ಹೆಸರಿನ ಮನೆಯ ಹಿರಿಯ, ಬೈರನನ್ನು ಕಂಡು ಗೊಣಗಿದರು. “ನೀನಾದರೂ ಹೇಳೋ. ನಮ್ಮ ಮಾತು ಕೇಳೂದಿಲ್ಲ. ಹೊಸ ಸೊಸೆಯರಿಗೆ ಒಂದು ಹಾಡೂ ಬರೂದಿಲ್ಲ, ಇವಳು ಮನೇಲಿ ಕೂರ್ತಾಳೆ. ಆ ನೀಲಕ್ಕ ನಮ್ಮನ್ನು ಚಪ್ಪರದಲ್ಲೇ ಸಿಗಿದು ತೋರಣ ಕಟ್ತಾಳೆ.” ನೀಲಕ್ಕ ಹೆಣ್ಣಿನ ಕಡೆಯ ಹಾಡುಗಾರ್ತಿ. ಆಕೆಯ ಎದುರು ಉತ್ತರ ಕೊಟ್ಟು ನಿಂತವರು ಗಂಗಕ್ಕ ಒಬ್ಬರೇ.

ಬೈರ ಗಂಗಕ್ಕನ ಹತ್ತಿರ ಹೋದ. “ಅಮ್ಮಾ, ಒಂದ್ನಿಮಿಷ ಕಾರಲ್ಲಿ ಕೂತ್ಕಳಿ. ಹೊರಡ್ಸೂದಿಲ್ಲ,” ಎಂದು ಅಂಗಳಕ್ಕೆ ಕರೆದೊಯ್ದು, ಮುಂದಿನ ಸೀಟಿನಲ್ಲಿ ಕೂರಿಸಿ, ಪ್ಲೇಯರ್ ಒತ್ತಿದ. ಕಾರಿನ ರೇಡಿಯೋದಿಂದ ಗಂಗಕ್ಕನ ಸ್ವರ ಬಂತು. ಅವರು ಹಾಡು ಮುಗಿಯುವವರೆಗೆ ರೇಡಿಯೋವನ್ನೇ ನೋಡುತ್ತಿದ್ದು, ಪಾಟಿಯಲ್ಲಿ ಬರೆದರು: ‘ಇದು ಆನಾ?’

“ಮತ್ಯಾರು? ನಿಮ್ದೇ ಸ್ವರ. ಇಂಥವು ಮೂವತ್ತೊಂದು ಉಂಟು.”

ಗಂಗಕ್ಕ ಸೆರಗಿನಿಂದ ಪಾಟಿ ಒರೆಸಿದರು. ಜಗಲಿಯವರಿಗೆ ಕಾಣುವಂತೆ ಎತ್ತಿ ಹಿಡಿದರು: ‘ಬತ್ತೆ. ಮುಂದಿನ ಸೀಟು.’

ಮದುವೆಯ ದಿನ ಬೆಳಿಗ್ಗೆ ಆರೂವರೆಗೆ ದಿಬ್ಬಣ ಹೊರಟಿತು. ನಾಲ್ಕು ವಾಹನಗಳು. ಮೊದಲು ಬೈರನ ಅಂಬಾಸಿಡರ್, ಅದರಲ್ಲಿ ಮದುಮಗ ಮತ್ತು ಗಂಗಕ್ಕ. ಎರಡನೆಯದು ದೇವರು ಹೆಗಡೆಯವರ ಓಮ್ನಿ. ಮೂರನೆಯದು ಸುಮೋ, ಅದರಲ್ಲಿ ಗಂಡಿನ ಕಡೆಯ ನೆಂಟನಾಗಿ ನಾನಿದ್ದೆ. ನಾಲ್ಕನೆಯದು ರೇಡಿಯೋ ಇಲ್ಲದ ಜೀಪು. ನಾಲ್ಕೂ ದಾರಿಯುದ್ದಕ್ಕೂ ಹಾಡುತ್ತ ಹೋದವೆಂಬುದು ಉತ್ಪ್ರೇಕ್ಷೆ. ಬೈರ ಮೂರೂ ರೇಡಿಯೋಗಳನ್ನು ತನ್ನ ಅಂಕಿಗೆ ಹೊಂದಿಸಿದ್ದು ನಿಜ. ಆದರೆ ವಾಹನಗಳು ಓಡುತ್ತಿರುವಾಗ ಹಾಡು ಸಿಗುತ್ತಿದ್ದುದು ಬೆನ್ನಿಗೇ ಬರುತ್ತಿದ್ದ ಓಮ್ನಿಗೆ ಮಾತ್ರ, ಅದೂ ನಿಧಾನವಾದಾಗ. ಸುಮೋದಲ್ಲಿ ನಮಗೆ ಕೇಳಿಸಿದ್ದು ಸುಂಯ್ ಸದ್ದು.

ಅಂಗಳ ಬಿಡುವಾಗ ಬೈರ ಹಾಕಿದ ಹಾಡು ಅದೃಷ್ಟಕ್ಕೆ ಸರಿಯಾಗಿಯೇ ಇತ್ತು. ಯಲ್ಲಾಪುರದವರೆಗೂ ತೊಂದರೆಯಾಗಲಿಲ್ಲ. ಇಡಗುಂದಿ ಶಾಲೆ ದಾಟಿದ ಕೂಡಲೇ ಮುಂದಿನ ಓಮ್ನಿ ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ಎಲ್ಲವೂ ನಿಂತವು. ಏನೋ ಕೆಟ್ಟಿತೆಂದು ನಾವು ಇಳಿದು ಓಡಿದೆವು. ಓಮ್ನಿಯಲ್ಲಿದ್ದ ಹೆಂಗಸರಲ್ಲಿ ಇಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು, ಒಬ್ಬಾಕೆ ಕಿವಿ ಮುಚ್ಚಿಕೊಂಡಿದ್ದಳು. ದೇವರು ಹೆಗಡೆಯವರು ಆಗಲೇ ಅಂಬಾಸಿಡರಿನ ಕಿಟಕಿಯಲ್ಲಿ ತಲೆ ತೂರಿಸಿದ್ದರು.

“ಎಂತದೋ ಇದು ಬೈರಾ! ಹುಡುಗಿ ಇನ್ನೂ ಮಂಟಪಕ್ಕೇ ಬಂದಿಲ್ಲ, ನೀ ಆಗಲೇ ಹೆಣ್ಣೊಪ್ಪಿಸಿ ಮುಗಿಸ್ದ್ಯಾ?”

ಆಗಿದ್ದಿಷ್ಟು. ಬೈರ ತನ್ನ ಡೈರಿಯನ್ನು ನಂಬಿ, ಯಾವ ಊರು ಬಂತೋ ಆ ಊರಿನ ಹಾಡು ಹಾಕುತ್ತ ಬಂದಿದ್ದ. ಪಕ್ಕದಲ್ಲಿ ಗಂಗಕ್ಕ ಎತ್ತಿ ಹಿಡಿದ ಪಾಟಿ ರಸ್ತೆ ನೋಡುತ್ತಿದ್ದ ಆತನಿಗೆ ಕಾಣಲಿಲ್ಲ. ಇಡಗುಂದಿ ಶಾಲೆಯ ಎದುರು ಗಂಗಕ್ಕ ಯಾವಾಗಲೂ ಹೇಳುತ್ತಿದ್ದುದು ಹೆಣ್ಣೊಪ್ಪಿಸುವ ಹಾಡು. ಅದನ್ನು ಹೇಳಬೇಕಾದವರು ಹೆಣ್ಣಿನ ಕಡೆಯವರು, ಮದುವೆಯೆಲ್ಲ ಮುಗಿದ ಮೇಲೆ, ಅಳುತ್ತ. ಗಂಡಿನ ದಿಬ್ಬಣ ಹೋಗುವಾಗ ಅದು ಕಿವಿಗೆ ಬಿದ್ದರೆ ಅಪಶಕುನವೆಂದು ನಮ್ಮವರ ನಂಬಿಕೆ.

“ಅಮ್ಮ ಇಲ್ಲಿ ಯಾವತ್ತೂ ಇದೇ ಹೇಳೂದು ಹೆಗಡೇರೆ. ಹದಿಮೂರು ವರ್ಷದಿಂದ,” ಎಂದ ಬೈರ.

“ಅವಳು ಹೇಳೂದು ವಾಂತಿ ತಡೆಯೂಕೆ! ಮದುವೆ ಮಾಡೂಕಲ್ಲ!”

“ನಂಗೆ ಹೆಂಗೆ ಗೊತ್ತಾಗ್ಬೇಕು? ರಸ್ತೆ ಕೇಳಿ, ಹೇಳ್ತೆ. ನಿಮ್ಮ ಹಾಡಲ್ಲಿ ಯಾವ್ದು ಹೋಗೂದು, ಯಾವ್ದು ಬರೂದು ಅಂತ ನಂಗ್ಯಾರು ಹೇಳಿಕೊಟ್ಟವ್ರು?” ಆತನ ಮುಖ ಕೆಂಪಾಗಿತ್ತು. ಟ್ರಾನ್ಸ್‌ಮಿಟರನ್ನು ಕಿತ್ತು ಜೇಬಿಗೆ ಹಾಕಿಕೊಂಡ. “ಬ್ಯಾಡ ಬಿಡಿ. ಸುಮ್ನೆ ಹೋಪ.”

ಗಂಗಕ್ಕ ಆ ಜೇಬಿನ ಮೇಲೆ ಕೈಯಿಟ್ಟರು. ಮತ್ತೊಂದು ಕೈಯಿಂದ ಬರೆದರು: ‘ಬೈರನದು ತಪ್ಪಿಲ್ಲ. ಪಟ್ಟಿ ಕೊಡು.’

ಡೈರಿ ತೆರೆದ ಗಂಗಕ್ಕ ಮೊದಲು ಪಟ್ಟಿ ಓದಿದರು. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ಗಾಬರಿಯಾದೆವು. ಅವರು ಸದ್ದಿಲ್ಲದೆ ನಗುತ್ತಿದ್ದರು. ‘ಬಸ್ಸು ಕೆಟ್ಟು ನಿಂತಿದ್ದಲ್ಲಿ’ ಎಂಬಲ್ಲಿ ಬೆರಳಿಟ್ಟು ಮೈದುನನಿಗೆ ತೋರಿಸಿದರು. ಅದು ಆರತಿಯ ಹಾಡಾಗಿತ್ತು. ದೇವರು ಹೆಗಡೆಯವರೂ ಕೊನೆಗೆ ನಕ್ಕುಬಿಟ್ಟರು. “ಹನ್ನೊಂದು ಹತ್ತಕ್ಕೆ ಮುಹೂರ್ತ ಇದ್ದು ಅತ್ತಿಗೆ, ಇಲ್ಲೇ ಆರತಿ ಎತ್ತಿಬಿಡನ?” ಗಂಗಕ್ಕ ಪೆನ್ಸಿಲ್ ಕೇಳಿ ಪಡೆದು, ಮುಂದಿನ ದಾರಿಯಲ್ಲಿ ಒಂದೊಂದು ಜಾಗದ ಹೆಸರಿನ ಎದುರೂ ಅದರ ಸಂದರ್ಭವನ್ನು ಬರೆಯುತ್ತ ಹೋದರು. ಅಂದು ಘಟ್ಟ ಇಳಿಯುವಾಗ ಅವರಿಗೆ ವಾಂತಿಯ ನೆನಪೇ ಆಗಲಿಲ್ಲವೆಂದು ಬೈರ ಆಮೇಲೆ ಹೇಳಿದ.

ಹೆಣ್ಣಿನ ಮನೆಯ ಅಂಗಳ ದೊಡ್ಡದು. ಬೈರ ಮೊದಲು ಇಳಿದು, ಓಮ್ನಿಯನ್ನೂ ಸುಮೋವನ್ನೂ ತನ್ನ ಕಾರಿನ ಎರಡೂ ಪಕ್ಕಕ್ಕೆ, ಬಾಗಿಲು ತೆರೆಯುವಷ್ಟೇ ಜಾಗ ಬಿಟ್ಟು ನಿಲ್ಲಿಸಲು ಹೇಳಿದ. ಇದೇಕೆಂದು ಸುಮೋದ ಚಾಲಕ ಕೇಳಿದ್ದಕ್ಕೆ, “ದೂರ ಹೋದ್ರೆ ಅಮ್ಮಂಗೆ ಕೂಗೂಕಾಗೂದಿಲ್ಲ,” ಎಂದನಷ್ಟೆ.

ಚಪ್ಪರದ ಬಾಗಿಲಿನಲ್ಲಿ ನೀಲಕ್ಕ ಹತ್ತು ಹೆಂಗಸರನ್ನು ಕಟ್ಟಿಕೊಂಡು ಸಿದ್ಧಳಾಗಿದ್ದಳು. ಗಂಗಕ್ಕನ ಸ್ವರ ಹೋದ ಸಂಗತಿ ಆಕೆಗೆ ತಿಳಿದಿರಲಿಲ್ಲ; ಇದನ್ನು ನಾನು ಆಕೆಯನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಗಂಡಿನ ಕಡೆಯವರು ಹೂವು ತಂದರು, ಹಣ್ಣು ತಂದರು, ಬಾಯನ್ನು ಮಾತ್ರ ಮನೆಯಲ್ಲೇ ಮರೆತು ಬಂದರು ಎಂಬರ್ಥದ ಹಾಡನ್ನು ಆಕೆ ನಗುನಗುತ್ತ ಎತ್ತಿದಳು. ನಮ್ಮ ಕಡೆ ಯಾರೂ ನಗಲಿಲ್ಲ. ಹೊಸ ಸೊಸೆಯರು ನೆಲ ನೋಡಿದರು. ಹಿಂದಿನಿಂದ ಯಾರೋ ತಿವಿದಿದ್ದರಿಂದ ನೀಲಕ್ಕನ ಹಾಡು ಅರ್ಧಕ್ಕೇ ನಿಂತಿತು. ಸುಹಾಸ ಕಾರಿನಿಂದ ಇಳಿದವನು ಅಜ್ಜಿಯ ಕಡೆ ತಿರುಗಿ ನಿಂತ.

ಗಂಗಕ್ಕ ಮುಂದಿನ ಸೀಟಿನಿಂದ ಎದ್ದಿರಲಿಲ್ಲ. ಪಾಟಿಯನ್ನು ಬೈರನ ಕಡೆಗೆ ಹಿಡಿದರು. ‘ಅರಬೈಲ್, ಮೂರನೇ ತಿರುವು.’

ಬೈರ ಮೂರೂ ವಾಹನಗಳ ಬಾಗಿಲುಗಳನ್ನು ತೆರೆಸಿ, ಒಂಬತ್ತನೆಯ ಹಾಡನ್ನು ಒತ್ತಿದ. ಮೂರು ರೇಡಿಯೋಗಳಿಂದ ಒಂದೇ ಕಾಲಕ್ಕೆ, ಎಪ್ಪತ್ತೆರಡು ವರ್ಷದ ಗಂಗಕ್ಕನ ಕಂಚಿನಂಥ ಸ್ವರ ಅಂಗಳಕ್ಕೆ ಬಂತು. ಅದು ಬೀಗಿತ್ತಿಯನ್ನು ಹಂಗಿಸುವ ಹಾಡು. ನಿಮ್ಮ ಬಾಯಿ ಅಷ್ಟು ದೊಡ್ಡದಾದರೆ ಅದರಲ್ಲೇ ಚಪ್ಪರ ಹಾಕಬಹುದಿತ್ತಲ್ಲ ಎಂದು ಎರಡನೆಯ ನುಡಿ ಕೇಳುತ್ತದೆ. ಮೂರನೆಯ ನುಡಿ ಅರ್ಧವಾಗುವಷ್ಟರಲ್ಲಿ ರೇಡಿಯೋದೊಳಗಿಂದ ಹಾರ್ನ್ ಕೇಳಿಸಿತು, ಅದರ ಹಿಂದೆಯೇ ಬೈರನ ಧ್ವನಿ: “ಅಮ್ಮಾ, ಎದ್ರು ಲಾರಿ! ಹಿಡ್ಕಳಿ!” ಹಾಡು ನಿಂತಿತು. ಬ್ರೇಕು ಕಿರುಗುಟ್ಟಿತು. ಲಾರಿ ಹೊರಟುಹೋಯಿತು. “ಹೋತಾ?” ಎಂದಿತು ಗಂಗಕ್ಕನ ಸ್ವರ. “ಹೋತು, ಹೇಳಿ.” ನುಡಿ ಬಿಟ್ಟಲ್ಲಿಂದ ಮುಂದುವರಿಯಿತು.

ಅಂಗಳವಿಡೀ ನಗುತ್ತಿತ್ತು. ಪುರೋಹಿತರು ಕೂಡ ಶಾಲು ಬಾಯಿಗಿಟ್ಟಿದ್ದರು. ನೀಲಕ್ಕ ಓಡಿಬಂದು ಗಂಗಕ್ಕನ ಕೈ ಹಿಡಿದುಕೊಂಡಳು. “ಅಯ್ಯೋ ಗಂಗಕ್ಕಾ, ಎಂಗೆ ಗೊತ್ತಿತ್ತಿಲ್ಲೆ. ಹೊಟ್ಟೆಗೆ ಹಾಕ್ಯಳೆ.” ಗಂಗಕ್ಕ ಕೈ ಬಿಡಿಸಿಕೊಂಡು ಬರೆದರು: ‘ಅಳಡ. ಉತ್ತರ ಹೇಳು.’

ನೀಲಕ್ಕ ಮೂಗು ಸೆಳೆದುಕೊಂಡು ಉತ್ತರ ಹೇಳಿದಳು. ಆಕೆ ಹಾಡುವವರೆಗೂ ಬೈರ ಪ್ಲೇಯರಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾದ. ಮುಗಿದ ಕೂಡಲೇ ಪಾಟಿಯ ಮೇಲೆ ಬಂದ ಊರಿನ ಹೆಸರು ಓದಿ, ಡೈರಿಯಲ್ಲಿ ಅಂಕಿ ಹುಡುಕಿ, ಒತ್ತಿದ. ಹೀಗೆ ಐದು ಹಾಡು ಆಕೆಯದು, ಐದು ಗಂಗಕ್ಕನದು. ಆತ ಒಮ್ಮೆಯೂ ತಪ್ಪಲಿಲ್ಲ, ಒಮ್ಮೆಯೂ ಎದುರಾಳಿಯ ಹಾಡಿನ ಮೇಲೆ ಬೀಳಲಿಲ್ಲ. ಹಾಡಿನವರಿಗೆ ಕೊಡುವ ರವಿಕೆಯ ಕಣ ಮತ್ತು ತೆಂಗಿನಕಾಯಿಯನ್ನು ಹೆಣ್ಣಿನ ಮನೆಯವರು ಕಾರಿನ ಹತ್ತಿರವೇ ತಂದರು. ಗಂಗಕ್ಕ ಕಣವನ್ನು ತಾವಿಟ್ಟುಕೊಂಡು ಕಾಯಿಯನ್ನು ಬೈರನಿಗೆ ಕೊಟ್ಟರು. ಮುಹೂರ್ತ ತಪ್ಪಲಿಲ್ಲ, ಹನ್ನೊಂದು ಹತ್ತಕ್ಕೇ ಆಯಿತು.

ಅದಾದ ಮೇಲೆ ಮಳೆಗಾಲ ಮುಗಿಯುವವರೆಗೆ, ಬಾಡಿಗೆಯಿಲ್ಲದ ಮಧ್ಯಾಹ್ನಗಳಲ್ಲಿ ಬೈರ ಭೈರುಂಬೆಯ ಆ ಅಂಗಳಕ್ಕೆ ಕಾರು ತಂದು ನಿಲ್ಲಿಸುತ್ತಿದ್ದ. ಮೂವರು ಸೊಸೆಯರು ಹಿಂದಿನ ಸೀಟಿನಲ್ಲಿ ಸಾಲಾಗಿ ಕುಳಿತು ರೇಡಿಯೋದ ಜೊತೆ ಹಾಡಿ ಕಲಿತರು; ಮದುಮಗಳಾಗಿ ಬಂದ ಅಭಿಜ್ಞಾ ನಾಲ್ಕನೆಯವಳು. ತಪ್ಪಿದರೆ ಮುಂದಿನ ಸೀಟಿನಿಂದ ಪಾಟಿಯ ಕಟ್ಟಿನ ಪೆಟ್ಟು ತಪ್ಪಿದವಳ ಮಂಡಿಗೆ. ಅವರು ಕೇಳಿದ್ದನ್ನೆಲ್ಲ ಕಲಿತರು, ಲಾರಿ ದಾಟುವಷ್ಟು ಹೊತ್ತು ಸುಮ್ಮನಿರುವುದನ್ನೂ ಸೇರಿಸಿ. ಅದನ್ನು ತಿದ್ದಬೇಕೇ ಎಂದು ಬೈರ ಕೇಳಿದಾಗ ಗಂಗಕ್ಕ ಪಾಟಿಯ ಮೇಲೆ ಒಂದೇ ಶಬ್ದ ಬರೆದರಂತೆ: ‘ಇರಲಿ.’

ಗಂಗಕ್ಕ ೨೦೧೨ರಲ್ಲಿ ತೀರಿಕೊಂಡರು. ಆ ಮೂವತ್ತೊಂದು ಹಾಡುಗಳನ್ನು ಇಂದು ಮೂರು ತಾಲೂಕುಗಳಲ್ಲಿ ಹೇಳುತ್ತಾರೆ. ಹುಡುಗಿಯರು ಅವನ್ನು ‘ಇಡಗುಂದಿ ಶಾಲೆ’, ‘ಮೂರನೇ ತಿರುವು’ ಎಂದೇ ಕರೆಯುತ್ತಾರೆ. ಸಂಚಿಕೆಯ ಲೇಖಕರು ಇದನ್ನು ‘ಇಡಗುಂದಿ ಸಂಪ್ರದಾಯ’ವೆಂದು ಬೇರೆ ಬರೆದಿದ್ದಾರೆ. ನಾನು ಆ ಪುಟವನ್ನು ಒಯ್ದು ಬೈರನಿಗೆ ಓದಿ ಹೇಳಿದೆ. ಲಯವಿರಾಮದ ವಾಕ್ಯವನ್ನು ಆತ ಎರಡು ಸಲ ಓದಿಸಿದ. ಆತ ಸಿಟ್ಟಾಗುತ್ತಾನೆಂದು ನಾನು ಕಾದೆ.

“ಲಾರಿಯವಂದೇ ತಪ್ಪು ಸಾಹೇಬ್ರೆ,” ಎಂದ. “ಇಳಿಯೂ ಅವ ಹತ್ತೂ ಗಾಡಿಗೆ ಜಾಗ ಕೊಡ್ಬೇಕಿತ್ತು. ಅದನ್ನೂ ಬರೀರಿ.”

ಬರೆದಿದ್ದೇನೆ.